ಡಿಜಿಟಲ್ ಅರೆಸ್ಟ್: ಪರೀಕ್ಷೆಗೆ ತಿಳಿದಿರಬೇಕಾದ ಅಂಶಗಳು

ಸುದ್ದಿಯಾದದ್ದೇಕೆ?: 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಈ ವಂಚನೆಯ ಬಗ್ಗೆ ಎಚ್ಚರಿಸಿದರು.

ವಂಚನೆಯ ವಿಧಾನ: ‘ನಿಮ್ಮ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ’ ಎಂದು ಕರೆ ಬರುತ್ತದೆ. ಬಳಿಕ ವಿಡಿಯೊ ಕರೆಯಲ್ಲಿ ಸಮವಸ್ತ್ರ ತೊಟ್ಟವನು ಪ್ರತ್ಯಕ್ಷನಾಗುತ್ತಾನೆ. ಹಿಂದೆ ಠಾಣೆಯಂಥ ಗೋಡೆ. ಕ್ಯಾಮೆರಾ ಆಫ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ ಎಂದು ಹೆದರಿಸಿ, ‘ಪರಿಶೀಲನೆ’ಯ ನೆಪದಲ್ಲಿ ಹಣ ವರ್ಗಾಯಿಸಿಕೊಳ್ಳುತ್ತಾನೆ.

ಕಾನೂನು ಏನನ್ನುತ್ತದೆ?: ‘ಡಿಜಿಟಲ್ ಅರೆಸ್ಟ್’ ಎಂಬ ಕ್ರಮ ಭಾರತದ ಯಾವ ಕಾನೂನಿನಲ್ಲೂ ಇಲ್ಲ.

ನೆನಪಿಡಿ:
• 1930: ಸೈಬರ್ ಹಣಕಾಸು ವಂಚನೆಯ ಸಹಾಯವಾಣಿ (ಹಿಂದಿನ ಸಂಖ್ಯೆ 155260)
• ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ (ಐ4ಸಿ): ಗೃಹ ಸಚಿವಾಲಯದ ಅಧೀನ
• ಸರ್ಟ್-ಇನ್ (ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ): ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಅಧೀನ, ಐಟಿ ಕಾಯ್ದೆ 2000ರ ಸೆಕ್ಷನ್ 70ಬಿ
• ಐಟಿ ಕಾಯ್ದೆಯ ಸೆಕ್ಷನ್ 66ಡಿ: ಕಂಪ್ಯೂಟರ್ ಬಳಸಿ ಬೇರೊಬ್ಬರಂತೆ ನಟಿಸಿ ವಂಚನೆ, 3 ವರ್ಷದವರೆಗೆ ಜೈಲು, 1 ಲಕ್ಷ ರೂ.ವರೆಗೆ ದಂಡ
• ಚಕ್ಷು: ಅನುಮಾನಾಸ್ಪದ ಕರೆ, ಸಂದೇಶ ವರದಿ ಮಾಡಲು ದೂರಸಂಪರ್ಕ ಇಲಾಖೆಯ ಸೌಲಭ್ಯ (2024)

ಗಮನಿಸಿ: ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲೇ 1930ಕ್ಕೆ ಕರೆ ಮಾಡಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಓದಿ ಮುಗಿಸಿದ ಮೇಲೆ ಈ ಸಂಖ್ಯೆಯನ್ನು ಮನೆಯ ಹಿರಿಯರಿಗೂ ತಿಳಿಸಿ.