ಸಸಿ ಚೀಲಕ್ಕೆ ಯಾವ ಮಣ್ಣು?

ಮೊದಲ ಸಲ ಹುಣಸೆ ಸಸಿ ಮಾಡಲು ಹೊರಟಾಗ ಹೊಲದ ಎರೆಮಣ್ಣನ್ನೇ ಚೀಲಕ್ಕೆ ತುಂಬಿದ್ದೆ. ಜೋಳ ಬೆಳೆಯುವ ಮಣ್ಣಿನಲ್ಲಿ ಸಸಿ ಬಾರದೇ ಇರುತ್ತದೆಯೇ ಅಂತ ನನ್ನ ಲೆಕ್ಕ. 200 ಚೀಲದಲ್ಲಿ ಉಳಿದದ್ದು 30. ನೀರು ಹಾಕಿದರೆ ಮೇಲೇ ನಿಲ್ಲುತ್ತಿತ್ತು. ಒಂದೆರಡು ದಿನ ಬಿಟ್ಟರೆ ಮಣ್ಣು ಇಟ್ಟಿಗೆಯಂತಾಗಿ ಚೀಲದ ಬದಿ ಬಿಡುತ್ತಿತ್ತು. ಮುಂಗಾರಿನ ನಾಟಿ ತಪ್ಪಿತು, ಒಂದು ವರ್ಷವೇ ಹೋಯಿತು.

ತಪ್ಪು ಬೀಜದ್ದಲ್ಲ. ಬೇರಿಗೆ ನೀರಿನಂತೆ ಗಾಳಿಯೂ ಬೇಕು. ಹೊಲದಲ್ಲಾದರೆ ಬೇರು ಅತ್ತಿತ್ತ ಹರಿದು ಹುಡುಕಿಕೊಳ್ಳುತ್ತದೆ. ಗೇಣುದ್ದದ ಚೀಲದಲ್ಲಿ ನಾವು ಕೊಟ್ಟಷ್ಟೇ ಅದಕ್ಕೆ ಗತಿ.

ಈಗ ನಾನು ಮಾಡುವ ಮಿಶ್ರಣ ಹೀಗಿದೆ: 2 ಬುಟ್ಟಿ ಜರಡಿ ಹಿಡಿದ ಕೆಮ್ಮಣ್ಣು, 1 ಬುಟ್ಟಿ ಮರಳು, 1 ಬುಟ್ಟಿ ಪೂರಾ ಕಳಿತ ಕೊಟ್ಟಿಗೆ ಗೊಬ್ಬರ. ಎರೆಮಣ್ಣು ಬಿಟ್ಟರೆ ಬೇರೆ ಇಲ್ಲ ಅನ್ನುವವರು 1 ಬುಟ್ಟಿ ಮಣ್ಣಿಗೆ 2 ಬುಟ್ಟಿ ಮರಳು, 1 ಬುಟ್ಟಿ ಗೊಬ್ಬರ ಹಾಕಲಿ.

ಹಸಿ ಗೊಬ್ಬರ ಬೇಡವೇ ಬೇಡ. ಅದು ಕಾವೇರಿ ಎಳೆ ಬೇರು ಸುಡುತ್ತದೆ, ಗೊಣ್ಣೆ ಹುಳವೂ ಬರುತ್ತದೆ. ಕಳಿತಿದೆಯೋ ಇಲ್ಲವೋ ನೋಡಲು ಒಂದು ಕರಟದಲ್ಲಿ ಗೊಬ್ಬರ, ಇನ್ನೊಂದರಲ್ಲಿ ಮಣ್ಣು ಹಾಕಿ ಎರಡಕ್ಕೂ ರಾಗಿ ಚೆಲ್ಲಿ. ಒಂದು ವಾರದಲ್ಲಿ ಮಣ್ಣಿನ ರಾಗಿ ಮೊಳೆತು ಗೊಬ್ಬರದ್ದು ಮೊಳೆಯದಿದ್ದರೆ ಗೊಬ್ಬರ ಇನ್ನೂ ಹಸಿ ಎಂದೇ ತಿಳಿಯಿರಿ.

ತೆಂಗಿನ ನಾರಿನ ಪುಡಿ ಹಗುರ, ನೀರನ್ನೂ ಹಿಡಿಯುತ್ತದೆ. ಟ್ರೇಯಲ್ಲಿ ಟೊಮೇಟೊ, ಮೆಣಸಿನ ಸಸಿಗೆ ಒಳ್ಳೆಯದು. ಆದರೆ ಅದರಲ್ಲಿ ಸಾರ ಕಡಿಮೆ, ಕೆಲವು ಪುಡಿಯಲ್ಲಿ ಉಪ್ಪೂ ಇರುತ್ತದೆ. ಎರಡು ಮೂರು ಸಲ ಸಿಹಿನೀರಲ್ಲಿ ತೊಳೆದೇ ಬಳಸಿ. ಮಳೆ ನಂಬಿ ನೆಡುವ ಮರದ ಸಸಿಗೆ ಬರೀ ಪುಡಿ ಬೇಡ. ನೆಟ್ಟ ಮೇಲೆ ಸುತ್ತಲಿನ ಒಣ ಎರೆಮಣ್ಣು ಪುಡಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಬೇರು ಹೊರಗೆ ಬರುವ ಮೊದಲೇ ಸಸಿ ಬಾಡುತ್ತದೆ.

ಎಲ್ಲ ಚೀಲ ತುಂಬುವ ಮೊದಲು ಎರಡು ಚೀಲ ತುಂಬಿ ನೋಡಿ. ತಳದಲ್ಲಿ, ಬದಿಯಲ್ಲಿ ತೂತು ಇರಲಿ. ಒಂದು ಲೋಟ ನೀರು ಹಾಕಿ. ಬೇಗ ಇಂಗಿ ತಳದಿಂದ ತೊಟ್ಟಿಕ್ಕಬೇಕು. ಮೇಲೆ ನಿಂತರೆ ಮರಳು ಸೇರಿಸಿ. ಹಾಕಿದ್ದೆಲ್ಲ ಹರಿದೇ ಹೋದರೆ ಗೊಬ್ಬರ ಸೇರಿಸಿ. ಮರುದಿನ ಮಣ್ಣು ಹಿಡಿ ಕಟ್ಟಿದರೆ ಉಂಡೆಯಾಗಬೇಕು, ಬೆರಳಿಂದ ಒತ್ತಿದರೆ ಉದುರಬೇಕು.

ಎರಡು ಚೀಲದ ಈ ಕೆಲಸಕ್ಕೆ ಅರ್ಧ ಗಂಟೆ ಸಾಕು. ನಾನದನ್ನು ಮಾಡದೆ ಒಂದು ಮುಂಗಾರು ಕಳೆದುಕೊಂಡೆ.