ಹಡಗಿನ ಗಾತ್ರ, ಕಡಲಿನ ಸ್ಥಿತಿ ಮತ್ತು ಕಡಲಬೇನೆ

ಸಮುದ್ರದಿಂದ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಕೋಠಿಯಲ್ಲಿ ಕುಳಿತು ಕಡಲಬೇನೆಯ ವಿಷಯವಾಗಿ ಬರೆಯುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕಳೆದ ಕೆಲವು ವರ್ಷಗಳಿಂದ ನಮ್ಮ ಸಂಘದ ಹಿರಿಯ ಸದಸ್ಯರು, ಅದರಲ್ಲಿಯೂ ನಿವೃತ್ತಿ ಹೊಂದಿದ ದಂಪತಿಗಳು, ತೀರ್ಥಯಾತ್ರೆಯ ಜೊತೆಗೆ ಸಮುದ್ರಯಾನದ ಆಸೆಯನ್ನೂ ಇಟ್ಟುಕೊಳ್ಳತೊಡಗಿದ್ದಾರೆ. 2021ರ ಸೆಪ್ಟೆಂಬರಿನಿಂದ ಮುಂಬಯಿಯನ್ನು ನೆಲೆಯಾಗಿಸಿಕೊಂಡು ‘ಎಂಪ್ರೆಸ್’ ಎಂಬ ವಿಹಾರನೌಕೆಯು ಗೋವಾ, ಲಕ್ಷದ್ವೀಪಗಳ ಕಡೆ ಸಂಚರಿಸಲು ತೊಡಗಿತು. 2022ರ ಜೂನ್ ತಿಂಗಳಲ್ಲಿ ಅದೇ ಹಡಗು ನಮಗೆ ಹತ್ತಿರದ ವಿಶಾಖಪಟ್ಟಣಕ್ಕೂ ಬಂದಿತು. 2023ರಲ್ಲಿ ಅಲ್ಲಿ ವಿಹಾರನೌಕೆಗಳಿಗಾಗಿಯೇ ಒಂದು ನಿಲ್ದಾಣವೂ ಉದ್ಘಾಟನೆಗೊಂಡಿತು. ಹೀಗಾಗಿ ‘ಡಾಕ್ಟರೇ, ಹಡಗಿನಲ್ಲಿ ವಾಂತಿ ಆಗುವುದಂತೆ, ನಿಜವೇ? ದೊಡ್ಡ ಹಡಗಾದರೆ ಆಗುವುದಿಲ್ಲವಂತೆ, ನಿಜವೇ?’ ಎಂಬ ಪ್ರಶ್ನೆಗಳು ನನ್ನ ಬಳಿಗೆ ಮೇಲಿಂದ ಮೇಲೆ ಬರುತ್ತವೆ. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದು ಅರ್ಧ ಸತ್ಯ. ಆ ಉಳಿದರ್ಧವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಹಿರಿಯರು ಇದನ್ನು ‘ಪಿತ್ತ ಕೆದರಿತು’ ಎಂದು ಹೇಳುತ್ತಿದ್ದರು. ವಾಂತಿಯಲ್ಲಿ ಹಳದಿ ಬಣ್ಣದ ಪಿತ್ತರಸ ಬರುವುದರಿಂದ ಹಾಗೆ ಭಾವಿಸಿದ್ದು ಸಹಜವೇ. ಆದರೆ ಬೇನೆಯ ಮೂಲವು ಹೊಟ್ಟೆಯಲ್ಲಿಲ್ಲ, ಕಿವಿಯಲ್ಲಿದೆ. ನಮ್ಮ ಒಳಕಿವಿಯಲ್ಲಿ ಕೇಳುವ ಅಂಗದ ಪಕ್ಕದಲ್ಲಿಯೇ ಮೂರು ಅರ್ಧವೃತ್ತಾಕಾರದ ನಾಳಗಳೂ ಎರಡು ಪುಟ್ಟ ಚೀಲಗಳೂ ಇವೆ. ನಾಳಗಳು ತಲೆಯ ತಿರುಗುವಿಕೆಯನ್ನೂ, ಚೀಲಗಳು ಮೇಲೆ-ಕೆಳಗೆ, ಹಿಂದೆ-ಮುಂದೆ ಆಗುವ ಚಲನೆಯನ್ನೂ ಅರಿಯುತ್ತವೆ. ಹಡಗಿನ ಕೋಣೆಯಲ್ಲಿ ಕುಳಿತಾಗ ಕಣ್ಣು ‘ಗೋಡೆ ನಿಶ್ಚಲವಾಗಿದೆ’ ಎಂದು ಮಿದುಳಿಗೆ ವರದಿ ಮಾಡುತ್ತದೆ. ಒಳಕಿವಿ ‘ಇಲ್ಲ, ನಾವು ಏರಿಳಿಯುತ್ತಿದ್ದೇವೆ’ ಎನ್ನುತ್ತದೆ. ಈ ಎರಡು ಸಾಕ್ಷಿಗಳ ಭಿನ್ನಾಭಿಪ್ರಾಯವೇ ಬೇನೆಗೆ ಕಾರಣವೆಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಆಕಳಿಕೆ, ಜೊಲ್ಲು, ತಣ್ಣನೆಯ ಬೆವರು, ಮುಖ ಬಿಳಿಚಿಕೊಳ್ಳುವುದು, ಓಕರಿಕೆ, ಕೊನೆಗೆ ವಾಂತಿ, ಹೀಗೆ ಅದರ ಕ್ರಮ.

ಕಿವಿಯೇ ಮೂಲವೆಂಬುದಕ್ಕೆ ಸೊಗಸಾದ ಪುರಾವೆಯುಂಟು. ಅಮೆರಿಕದ ಗ್ಯಾಲೊಡೆಟ್ ಕಾಲೇಜಿಗೆ ಸೇರಿದ ಹನ್ನೊಂದು ಮಂದಿ ಕಿವುಡರ ಮೇಲೆ 1950ರ ದಶಕದ ಕೊನೆಯಿಂದ ಅಲ್ಲಿನ ನೌಕಾಪಡೆಯ ವೈದ್ಯರು ಪರೀಕ್ಷೆಗಳನ್ನು ನಡೆಸಿದರು. ಅವರಲ್ಲಿ ಹೆಚ್ಚಿನವರು ಬಾಲ್ಯದ ಮಿದುಳುಪೊರೆಯ ಜ್ವರದಿಂದ ಒಳಕಿವಿಯ ಸಮತೋಲನ ಶಕ್ತಿಯನ್ನು ಕಳೆದುಕೊಂಡವರು. ನೋವಾ ಸ್ಕೋಷಿಯಾದ ಬಳಿಯ ರೌದ್ರ ಸಮುದ್ರದಲ್ಲಿ ಅವರನ್ನು ದೋಣಿಯೊಂದರಲ್ಲಿ ಕರೆದೊಯ್ದಾಗ ಅವರು ಆರಾಮವಾಗಿ ಇಸ್ಪೀಟು ಆಡುತ್ತಿದ್ದರು. ಪರೀಕ್ಷಿಸಲು ಬಂದಿದ್ದ ವೈದ್ಯರೇ ಹಾಸಿಗೆ ಹಿಡಿದರು! ಆರೋಗ್ಯವಂತ ಒಳಕಿವಿಯುಳ್ಳ ಪ್ರತಿಯೊಬ್ಬನಿಗೂ, ಸಾಕಷ್ಟು ಕುಲುಕಿದರೆ, ಕಡಲಬೇನೆ ಬಂದೇ ಬರುತ್ತದೆ. ಬ್ರಿಟನ್ನಿನ ನೌಕಾಧಿಪತಿ ನೆಲ್ಸನ್‌ಗೂ ಬರುತ್ತಿತ್ತು. ‘ಬೀಗಲ್’ ಹಡಗಿನಲ್ಲಿ ಐದು ವರ್ಷ ಸುತ್ತಿದ ಡಾರ್ವಿನ್ನನಿಗೆ ಕೊನೆಯವರೆಗೂ ಅದು ಬಿಡಲಿಲ್ಲ. ಆದುದರಿಂದ ಬೇನೆ ಬಂದವರು ನಾಚಿಕೆಪಡಬೇಕಾಗಿಲ್ಲ.

ಇನ್ನು ಗಾತ್ರದ ಮಾತು. ಎಲ್ಲ ಕುಲುಕಾಟವೂ ಸಮಾನವಾಗಿ ಓಕರಿಕೆ ತರುವುದಿಲ್ಲ. 1974ರಲ್ಲಿ ಓಹ್ಯಾನ್‌ಲನ್ ಮತ್ತು ಮಕಾಲಿ ಎಂಬ ಸಂಶೋಧಕರು ಜನರನ್ನು ಏರಿಳಿಯುವ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸಿದಾಗ, ಸುಮಾರು ಐದಾರು ಸೆಕೆಂಡಿಗೊಮ್ಮೆ ಆಗುವ ಏರಿಳಿತವೇ ಅತ್ಯಂತ ಹೆಚ್ಚು ಓಕರಿಕೆ ತರುವುದೆಂದು ಕಂಡುಬಂದಿತು. ಅದಕ್ಕಿಂತ ಬಹಳ ವೇಗವಾದರೂ, ಬಹಳ ನಿಧಾನವಾದರೂ ಉಪದ್ರವ ಕಡಿಮೆ. ನಮ್ಮ ಹುಸೇನ್‌ಸಾಗರದಲ್ಲಿ ಬುದ್ಧನ ಪ್ರತಿಮೆಗೆ ಹೋಗುವ ಲಾಂಚು ಸಾಕಷ್ಟು ಅಲುಗಾಡುತ್ತದೆ, ಆದರೂ ಯಾರೂ ವಾಂತಿ ಮಾಡಿಕೊಳ್ಳುವುದಿಲ್ಲ. ಆ ಕೆರೆಯ ಮೇಲೆ ಗಾಳಿಗೆ ಓಡಲು ದೂರವಿಲ್ಲ. ಏಳುವ ಅಲೆಗಳು ಗಿಡ್ಡನೆಯವು, ಒಂದೆರಡು ಸೆಕೆಂಡಿಗೊಮ್ಮೆ ಬಡಿಯುವಂಥವು. ಅದು ಟಾಂಗಾದ ಕುಲುಕಾಟವಿದ್ದಂತೆ: ಮೈ ನೋಯಬಹುದು, ಹೊಟ್ಟೆ ತೊಳಸುವುದಿಲ್ಲ.

ತೆರೆದ ಕಡಲಿನಲ್ಲಿ ಹಾಗಲ್ಲ. ಆಳವಾದ ನೀರಿನಲ್ಲಿ ಅಲೆಯ ಉದ್ದವನ್ನು ತಿಳಿಯಲು ಒಂದು ಸರಳ ಲೆಕ್ಕವಿದೆ: ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನು ಅದೇ ಸಂಖ್ಯೆಯಿಂದ ಗುಣಿಸಿ, ಬಂದುದನ್ನು 1.56ರಿಂದ ಗುಣಿಸಿದರೆ ಮೀಟರುಗಳಲ್ಲಿ ಉದ್ದ ದೊರೆಯುತ್ತದೆ. ಐದು ಸೆಕೆಂಡಿನ ಅಲೆಗೆ 39 ಮೀಟರು, ಏಳು ಸೆಕೆಂಡಿನದಕ್ಕೆ 76, ಹನ್ನೊಂದರದಕ್ಕೆ 189, ಹದಿನಾಲ್ಕರದಕ್ಕೆ 306. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವಂಥ ಪುಟ್ಟ ದೋಣಿಯು ಐದು ಸೆಕೆಂಡಿನ ಅಲೆಯ ಒಂದು ಮಗ್ಗುಲಿನಲ್ಲಿಯೇ ಅಡಗಿಬಿಡುತ್ತದೆ. ಪ್ರತಿಯೊಂದು ಅಲೆಯನ್ನೂ ಹತ್ತಿ ಇಳಿಯುತ್ತದೆ, ಅದೂ ಹೊಟ್ಟೆಗೆ ಅತ್ಯಂತ ಅಹಿತವಾದ ಲಯದಲ್ಲಿ. ಡಾರ್ವಿನ್ನನ ಬೀಗಲ್ ಕೂಡ ಸುಮಾರು 27 ಮೀಟರಿನದು ಮಾತ್ರ. 211 ಮೀಟರು ಉದ್ದದ ಎಂಪ್ರೆಸ್ ಆದರೋ ಅಂತಹ ಐದಾರು ಅಲೆಗಳ ಬೆನ್ನಿನ ಮೇಲೆ ಒಮ್ಮೆಗೇ ಕುಳಿತಿರುತ್ತದೆ. ಒಂದು ಎತ್ತಿದರೆ ಇನ್ನೊಂದು ಇಳಿಸುತ್ತದೆ, ಪರಿಣಾಮ ಸರಿದೂಗುತ್ತದೆ. 2024ರಲ್ಲಿ ಸಂಚಾರ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ನ ಉದ್ದ ಸುಮಾರು 365 ಮೀಟರು. ‘ದೊಡ್ಡ ಹಡಗಿನಲ್ಲಿ ಆಗುವುದಿಲ್ಲ’ ಎಂಬ ಮಾತಿನ ಸತ್ಯಾಂಶ ಇಷ್ಟು.

ಉಳಿದರ್ಧ ಹೀಗಿದೆ. ಅಲೆಯ ಉದ್ದವೂ ಹಡಗಿನ ಉದ್ದವೂ ಹೆಚ್ಚುಕಡಿಮೆ ಸಮನಾದಾಗ ಆ ಸರಿದೂಗುವಿಕೆ ತಪ್ಪಿಹೋಗುತ್ತದೆ. ಆಗ ಎಷ್ಟೇ ದೊಡ್ಡ ಹಡಗಾದರೂ ಮೂತಿ ಎತ್ತಿ ಬಾಲ ಇಳಿಸಿ ತೂಗಾಡುತ್ತದೆ. ಎಂಪ್ರೆಸ್‌ನಂತಹ ಹಡಗಿಗೆ ಹನ್ನೊಂದು ಸೆಕೆಂಡಿನ ಅಲೆಯೇ ಅಂತಹ ವೈರಿ. ಹನ್ನೊಂದು ಸೆಕೆಂಡು ನಿಧಾನವಲ್ಲವೇ ಎಂದು ಕೇಳಬಹುದು. ಹಡಗು ನಿಂತಿದ್ದರೆ ನಿಜ. ಆದರೆ 18 ನಾಟ್ ವೇಗದಲ್ಲಿ ಅಲೆಗಳಿಗೆ ಎದುರಾಗಿ ಸಾಗುವಾಗ ಅದೇ ಅಲೆಗಳು ಏಳು ಸೆಕೆಂಡಿಗೊಮ್ಮೆ ಎದುರಾಗುತ್ತವೆ. ಅಂದರೆ ಓಕರಿಕೆಯ ಲಯಕ್ಕೆ ಹತ್ತಿರ ಬಂದುಬಿಡುತ್ತವೆ. ಅದೇ ವೇಗದಲ್ಲಿ ಅಲೆಗಳ ಜೊತೆಗೇ ಸಾಗಿದರೆ ಸುಮಾರು 24 ಸೆಕೆಂಡಿಗೊಂದು ಮಾತ್ರ ಮುಟ್ಟುತ್ತದೆ. ಹೋಗುವಾಗ ನರಕ, ಬರುವಾಗ ಸ್ವರ್ಗ ಎಂದು ಪ್ರಯಾಣಿಕರು ಹೇಳುವುದರ ಗುಟ್ಟು ಇದು. ಕಪ್ತಾನನು ವೇಗ ತಗ್ಗಿಸಿದರೆ ಅಥವಾ ದಿಕ್ಕು ಸ್ವಲ್ಪ ಬದಲಿಸಿದರೆ ಏಕಾಏಕಿ ಹಾಯೆನಿಸುವುದಕ್ಕೂ ಇದೇ ಕಾರಣ. ಹಡಗಿನ ಇಬ್ಬದಿಯಲ್ಲಿ ನೀರಿನೊಳಗೆ ಚಾಚುವ ಸ್ಥಿರಕಾರಿ ರೆಕ್ಕೆಗಳನ್ನು ಜಾಹೀರಾತುಗಳು ಬಹಳ ಹೊಗಳುತ್ತವೆ. ಅವು ಪಕ್ಕಕ್ಕೆ ಉರುಳಾಡುವುದನ್ನು ತಗ್ಗಿಸುವುದು ನಿಜ, ಅದೂ ಹಡಗು ವೇಗದಲ್ಲಿರುವಾಗ ಮಾತ್ರ. ಮೂತಿ-ಬಾಲಗಳ ತೂಗಾಟವನ್ನು ಅವು ತಡೆಯಲಾರವು.

ಆದುದರಿಂದ ಹಡಗಿನ ಗಾತ್ರದೊಂದಿಗೆ ಪ್ರಯಾಣದ ತಿಂಗಳನ್ನೂ ಕೇಳಬೇಕು. ನಮ್ಮ ಕರಾವಳಿಯ ಮೀನುಗಾರರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ನೂಲಹುಣ್ಣಿಮೆಯ ಸುಮಾರಿಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮತ್ತೆ ಇಳಿಯುವ ಸಂಪ್ರದಾಯವಿದೆ. ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಅಲೆಗಳು ಮೂರು-ನಾಲ್ಕು ಮೀಟರು ಏಳುವುದು ಸಾಮಾನ್ಯ. ಡಿಸೆಂಬರಿನಿಂದ ಮಾರ್ಚಿಯವರೆಗೆ ಆ ಸಮುದ್ರವು ಬಹುಮಟ್ಟಿಗೆ ಶಾಂತ. ಬಂಗಾಳ ಕೊಲ್ಲಿಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಚಂಡಮಾರುತಗಳ ಭಯ. ಜನವರಿಯಿಂದ ಮಾರ್ಚಿಯವರೆಗಿನ ಕಾಲ ಉತ್ತಮ. ಒಂದು ಮೋಸವೂ ಉಂಟು: ದಕ್ಷಿಣ ಧ್ರುವದ ಕಡೆಯ ಸಾಗರದಲ್ಲಿ ಎದ್ದ ಬಿರುಗಾಳಿಯ ಉದ್ದನೆಯ ಉಬ್ಬಲೆಗಳು ಸಾವಿರಾರು ಕಿಲೋಮೀಟರು ದಾಟಿ, ಇಲ್ಲಿ ಗಾಳಿಯೇ ಇಲ್ಲದ ದಿನವೂ ಬಂದು ತಲಪುತ್ತವೆ. ಕೇರಳದವರು ಅದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕಳ್ಳನಂತೆ ಬರುವ ಕಡಲು.

ಈ ಎಲ್ಲದರ ಮುನ್ಸೂಚನೆ ಹೊರಡುವುದು ಎಲ್ಲಿಂದ? ನಮ್ಮ ಹೈದರಾಬಾದಿನಿಂದಲೇ! ಕೋಠಿಯಿಂದ ಒಂದು ಗಂಟೆಯ ದಾರಿಯಾದ ಪ್ರಗತಿನಗರದಲ್ಲಿ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವಿದೆ. 1999ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ನಮ್ಮ ಎರಡೂ ಸಮುದ್ರಗಳ ಅಲೆಗಳ ಎತ್ತರ, ಉಬ್ಬಲೆಗಳ ಎತ್ತರ ಮತ್ತು ಅವಧಿಗಳನ್ನು ಮುಂಚಿತವಾಗಿ ಪ್ರಕಟಿಸುತ್ತದೆ. ಹೊರಡುವ ಮುನ್ನ ಅದನ್ನು ನೋಡುವ ಅಭ್ಯಾಸ ಒಳ್ಳೆಯದು. ಅಲ್ಲಿ ಕೊಡುವ ಎತ್ತರವು ಅತಿ ದೊಡ್ಡ ಮೂರನೇ ಒಂದು ಭಾಗದ ಅಲೆಗಳ ಸರಾಸರಿ. ಒಂದೊಂದು ಅಲೆಯು ಅದರ ಇಮ್ಮಡಿಯವರೆಗೂ ಇರಬಹುದು ಎಂಬುದನ್ನು ಮರೆಯಬಾರದು.

ಕೋಣೆಯ ಆಯ್ಕೆಯಲ್ಲಿ ದುಡ್ಡು ಹೆಚ್ಚು ಕೊಟ್ಟವರಿಗೇ ಕಷ್ಟ ಹೆಚ್ಚು ಎಂಬ ವಿನೋದವಿದೆ. ಹಡಗು ಒಂದೇ ಒಂದು ಡಿಗ್ರಿ ವಾಲಿದರೂ ನಡುವಿನಿಂದ ನೂರು ಮೀಟರು ದೂರದ ಮೂತಿಯು ಸುಮಾರು 1.7 ಮೀಟರು ಏರುತ್ತದೆ, ಮತ್ತೆ ಅಷ್ಟೇ ಇಳಿಯುತ್ತದೆ. ಮೇಲಂತಸ್ತುಗಳು ಪಕ್ಕದ ಉರುಳಾಟಕ್ಕೆ ಲೋಲಕದ ತುದಿಯಂತೆ ಓಲಾಡುತ್ತವೆ. ಅಗ್ಗವಾದ ಕೆಳಗಿನ ಅಂತಸ್ತಿನ ನಡುಭಾಗದ ಕೋಣೆಯೇ ಲೇಸು. ಅಲ್ಲಿ ಕಿಟಕಿ ಇಲ್ಲದಿದ್ದರೆ, ಓಕರಿಕೆಯ ಮೊದಲ ಸೂಚನೆಗೇ ಮೇಲಟ್ಟಕ್ಕೆ ಬಂದು ದಿಗಂತವನ್ನು ನೋಡುತ್ತ ನಿಲ್ಲಬೇಕು. ಸಾಧ್ಯವಾಗದಿದ್ದರೆ ಕಣ್ಣು ಮುಚ್ಚಿ ತಲೆ ಅಲುಗಿಸದೆ ಅಂಗಾತ ಮಲಗಬೇಕು. ಪುಸ್ತಕ, ಮೊಬೈಲು ಎರಡೂ ಬೇಡ.

ಇನ್ನು ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ಮೇ ತಿಂಗಳಲ್ಲಿ ನನ್ನ ತಂಗಿ ಮತ್ತು ಭಾವನವರೊಡನೆ ಅಂಡಮಾನಿಗೆ ಹೋಗಿದ್ದೆ. ಪೋರ್ಟ್‌ಬ್ಲೇರಿನಿಂದ, ಅಂದರೆ 2024ರಿಂದ ಶ್ರೀ ವಿಜಯಪುರಂ ಎಂದು ಕರೆಯಲ್ಪಡುವ ಊರಿನಿಂದ, ಹ್ಯಾವ್ಲಾಕಿಗೆ ಒಂದು ವೇಗದ ದೋಣಿಯಲ್ಲಿ ಹೊರಟೆವು. ಭಾವನವರು ಸಕ್ಕರೆ ಕಾಯಿಲೆಯವರು. ಬೆಳಿಗ್ಗೆ ಎಂದಿನಂತೆ ಮಾತ್ರೆ ನುಂಗಿ ಎರಡು ಇಡ್ಲಿ ತಿಂದಿದ್ದರು. ದೋಣಿ ಬಂದರನ್ನು ದಾಟಿ ಏರಿಳಿಯತೊಡಗಿದ ಮೇಲೆ ನಾನು ವಾಂತಿಯ ಮಾತ್ರೆ ಕೊಟ್ಟೆ. ಅದು ಕೆಲಸ ಮಾಡುವ ಮೊದಲೇ ಇಡ್ಲಿ, ಮಾತ್ರೆ ಎಲ್ಲವೂ ಹೊರಬಂದವು. ಸಕ್ಕರೆಯ ಔಷಧಿ ಮಾತ್ರ ಆಗಲೇ ರಕ್ತ ಸೇರಿತ್ತು. ಸ್ವಲ್ಪ ಹೊತ್ತಿಗೆ ಅವರು ಸೀಟಿಗೊರಗಿ ಬೆವರುತ್ತ ಮಂಕಾದರು. ಕಡಲಬೇನೆ, ಮಲಗಲಿ ಎಂದು ನಾನು ಸುಮ್ಮನಿದ್ದೆ. ‘ಅಣ್ಣಾ, ಇವ್ರು ಮಾತೇ ಆಡವಲ್ರು, ಮೈಯೆಲ್ಲ ತಣ್ಣಗಾಗ್ಯದ’ ಎಂದು ತಂಗಿ ಗಾಬರಿಯಿಂದ ಕೂಗಿದಾಗಲೇ ನನಗೆ ಹೊಳೆದದ್ದು. ಪುಣ್ಯಕ್ಕೆ ನುಂಗುವಷ್ಟು ಎಚ್ಚರವಿತ್ತು. ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದ ಹತ್ತು ಹದಿನೈದು ನಿಮಿಷಗಳಲ್ಲಿ ಚೇತರಿಸಿಕೊಂಡರು. ನಲವತ್ತು ವರ್ಷ ವೈದ್ಯವೃತ್ತಿ ಮಾಡಿದವನ ಕಣ್ಣೆದುರಿಗೆ ಇದು ನಡೆಯಿತು!

ಬೆವರು, ಬಿಳಿಚಿದ ಮುಖ, ಮಂಪರು ಇವು ಕಡಲಬೇನೆಯಲ್ಲೂ ಇವೆ, ರಕ್ತದ ಸಕ್ಕರೆ ಕುಸಿದಾಗಲೂ ಇವೆ, ಹೃದಯಾಘಾತದಲ್ಲೂ ಇರಬಹುದು. ಸಕ್ಕರೆ ಕಾಯಿಲೆಯವರು ಗ್ಲೂಕೋಸು ಮತ್ತು ರಕ್ತಪರೀಕ್ಷೆಯ ಪುಟ್ಟ ಯಂತ್ರವನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಊಟ ನಿಲ್ಲದ ದಿನ ಮಾತ್ರೆ, ಇನ್ಸುಲಿನ್‌ಗಳನ್ನು ಹೇಗೆ ಹೊಂದಿಸಬೇಕೆಂದು ತಮ್ಮ ವೈದ್ಯರನ್ನು ಹೊರಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು; ತಾವಾಗಿಯೇ ಬಿಡಬಾರದು. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೂ ಇದೇ ಮಾತು, ಏಕೆಂದರೆ ವಾಂತಿಯಿಂದ ನೀರು-ಲವಣಗಳು ಬೇಗ ಬರಿದಾಗುತ್ತವೆ. ಎದೆನೋವು, ಮಾತಿನ ತೊದಲು, ಒಂದು ಕಡೆಯ ಕೈಕಾಲಿನ ನಿಶ್ಶಕ್ತಿ, ಎರಡೆರಡಾಗಿ ಕಾಣುವುದು, ಸಿಡಿಯುವಂಥ ತಲೆನೋವು ಇವು ಕಡಲಬೇನೆಯ ಲಕ್ಷಣಗಳಲ್ಲ. ಒಡನೆಯೇ ಹಡಗಿನ ವೈದ್ಯರನ್ನು ಕರೆಯಬೇಕು. ವಾಂತಿಯೊಂದಿಗೆ ಭೇದಿಯೂ ಜ್ವರವೂ ಇದ್ದರೆ ಹಡಗಿನಲ್ಲಿ ಹರಡುವ ಸೋಂಕಿರಬಹುದು. ಆಗ ಕೈಗೆ ಹಚ್ಚುವ ಸ್ಪಿರಿಟ್ಟಿಗಿಂತ ಸೋಪು-ನೀರೇ ಮೇಲು.

ಔಷಧಿಗಳ ವಿಷಯ ಸಂಕ್ಷೇಪವಾಗಿ. ಪ್ರೊಮೆಥಜೀನ್, ಸಿನಾರಿಜೀನ್, ಡೈಮೆನ್‌ಹೈಡ್ರಿನೇಟ್, ಮೆಕ್ಲಿಜೀನ್ ಇವು ಪ್ರಚಲಿತವಾದವು. ವಾಂತಿ ಆರಂಭವಾದ ಮೇಲೆ ಪ್ರಯೋಜನ ಅತ್ಯಲ್ಪ; ಹೊರಡುವುದಕ್ಕೆ ಒಂದೆರಡು ಗಂಟೆ ಮೊದಲು ಅಥವಾ ಹಿಂದಿನ ರಾತ್ರಿಯೇ ತೆಗೆದುಕೊಳ್ಳಬೇಕು. ಎಲ್ಲವೂ ಹೆಚ್ಚುಕಡಿಮೆ ತೂಕಡಿಕೆ ತರುತ್ತವೆ. ಏಣಿ ಮೆಟ್ಟಿಲುಗಳಲ್ಲಿ ವೃದ್ಧರು ಬಿದ್ದು ಸೊಂಟ ಮುರಿದುಕೊಂಡರೆ ಅದು ವಾಂತಿಗಿಂತ ದೊಡ್ಡ ಕೇಡು. ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಅಥವಾ ಗ್ಲಾಕೋಮಾ ಇರುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ನುಂಗಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜೀನ್ ಕೂಡದು. ಆ ಕೂಸುಗಳಿಗೆ ಕಡಲಬೇನೆ ಬರುವುದೂ ಅಪರೂಪ. ಮದ್ಯದೊಂದಿಗೆ ಯಾವುದೂ ಬೇಡ. ಶುಂಠಿಯಿಂದ ಸ್ವಲ್ಪಮಟ್ಟಿನ ಅನುಕೂಲವಾಗುವುದೆಂದು ಕೆಲವು ಪರೀಕ್ಷೆಗಳು ತೋರಿಸಿವೆ, ಅಪಾಯವಂತೂ ಇಲ್ಲ. ಹೊಟ್ಟೆ ಪೂರ್ತಿ ಖಾಲಿಯೂ ಇರಬಾರದು, ಬಿರಿಯಾನಿಯಿಂದ ತುಂಬಿಯೂ ಇರಬಾರದು. ನಮ್ಮ ಕಡೆಯ ಖಡಕ್ ರೊಟ್ಟಿಯ ಒಂದು ತುಂಡನ್ನು ನಿಧಾನವಾಗಿ ಅಗಿಯುವುದು ಹಡಗಿನ ಯಾವ ಬಿಸ್ಕತ್ತಿಗೂ ಕಡಿಮೆಯಲ್ಲವೆಂದು ನನ್ನ ಅನುಭವ.

ಎರಡು ಮೂರು ದಿನ ಕಳೆದರೆ ಹೆಚ್ಚಿನವರ ಮಿದುಳು ಕಡಲಿಗೆ ಹೊಂದಿಕೊಳ್ಳುತ್ತದೆ. ಎರಡು ರಾತ್ರಿಯ ವಿಹಾರಯಾತ್ರೆಗಳ ದುರದೃಷ್ಟವೆಂದರೆ, ಹೊಂದಿಕೊಳ್ಳುವ ಹೊತ್ತಿಗೆ ಇಳಿಯುವ ಸಮಯ ಬಂದಿರುತ್ತದೆ. ಇಳಿದ ಮೇಲೆ ನೆಲವೇ ತೂಗಿದಂತೆ ಭಾಸವಾಗುವುದುಂಟು. ಅಂಡಮಾನಿನಿಂದ ಮರಳಿದ ಮೇಲೆ ನನ್ನ ತಂಗಿಗೆ ಎರಡು ದಿನ ಅಡುಗೆಮನೆಯ ಕಟ್ಟೆ ಅಲುಗಿದಂತಾಗುತ್ತಿತ್ತು. ಅದು ತಾನಾಗಿಯೇ ಹೋಗುತ್ತದೆ. ವಾರಗಳು ಕಳೆದರೂ ಹೋಗದಿದ್ದರೆ ಕಿವಿಯ ತಜ್ಞರನ್ನು ಕಾಣಬೇಕು. ಸರ್ಕಾರಿ ಕಿವಿ-ಮೂಗು-ಗಂಟಲಿನ ಆಸ್ಪತ್ರೆ ನಮ್ಮ ಕೋಠಿಯಲ್ಲಿಯೇ ಇದೆ.