ಜ್ವರದಲ್ಲಿ ಕಂಡ ಚಂಡೀಗಢ

ಕಳೆದ ದಸರೆಯ ರಜೆಯಲ್ಲಿ ನಮ್ಮ ಅಂತಿಮ ಬಿ.ಎ. ತರಗತಿಯವರು ಅಧ್ಯಾಪಕರೊಡನೆ ಉತ್ತರ ಭಾರತದ ಪ್ರವಾಸಕ್ಕೆ ಹೋಗಿದ್ದೆವು. ದೆಹಲಿಯಲ್ಲಿ ಕುಡಿದ ನೀರೋ, ಎರಡು ರಾತ್ರಿಯ ನಿದ್ದೆಗೇಡೋ, ಚಂಡೀಗಢ ಮುಟ್ಟುವ ಹೊತ್ತಿಗೆ ನನಗೆ ಜ್ವರವೂ ಹೊಟ್ಟೆಯ ಉಪದ್ರವವೂ ಹತ್ತಿದ್ದವು. "ಮಲಗಿರಪ್ಪಾ, ಸಂಜೆಗೆ ಬಂದು ಎಲ್ಲ ಹೇಳುತ್ತೇವೆ" ಎಂದರು ಗುರುಗಳು. ಆದರೆ ನಮ್ಮ ಮನೆತನದಲ್ಲಿ ತುಂಗಭದ್ರೆಯನ್ನು ದಾಟಿದವರೇ ಇಲ್ಲ. ಪ್ರವಾಸದ ಹಣವನ್ನು ಅಪ್ಪ ಸಾಲ ತಂದು ಕಟ್ಟಿದ್ದರು. "ಬರುತ್ತೇನೆ ಸಾರ್" ಎಂದು ಹೊರಟೆ. ಆದುದರಿಂದ ಈ ಲೇಖನ ಕಟ್ಟಡಗಳನ್ನು ನಿಂತು ನೋಡಿದವನದಲ್ಲ, ಅಲ್ಲಲ್ಲಿ ಕುಳಿತು ನೋಡಿದವನದು.

1947ರಲ್ಲಿ ದೇಶ ವಿಭಜನೆಯಾಗಿ ಲಾಹೋರು ಪಾಕಿಸ್ತಾನಕ್ಕೆ ಸೇರಿದಾಗ ನಮ್ಮ ಪಂಜಾಬಿಗೆ ರಾಜಧಾನಿಯೇ ಇಲ್ಲವಾಯಿತು. ಹೊಸ ನಗರದ ಮೊದಲ ನಕ್ಷೆಯನ್ನು ಮಾಡಿದವರು ಅಮೆರಿಕದ ಆಲ್ಬರ್ಟ್ ಮೇಯರ್ ಮತ್ತು ಮ್ಯಾಥ್ಯೂ ನೊವಿಟ್ಸ್ಕಿ. ನೊವಿಟ್ಸ್ಕಿ 1950ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. ಅನಂತರ ಕೆಲಸ ಲೆ ಕಾರ್ಬೂಸಿಯೆ, ಅವರ ದಾಯಾದಿ ಸೋದರ ಪಿಯೆರ್ ಜಾನ್ನರೆ, ಇಂಗ್ಲೆಂಡಿನ ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ ದಂಪತಿಗಳ ಕೈಗೆ ಬಂದಿತು. ಸೆಕ್ಟರ್ 10ರ ವಾಸ್ತುಶಿಲ್ಪ ವಸ್ತುಸಂಗ್ರಹಾಲಯದಲ್ಲಿ ಈ ಕಥೆಯೆಲ್ಲ ನಕ್ಷೆ, ಪತ್ರ, ಮಾದರಿಗಳ ರೂಪದಲ್ಲಿದೆ. ಮೇಯರರ ಬಾಗುವ ಬೀದಿಗಳನ್ನು ಕಾರ್ಬೂಸಿಯೆ ನೆಟ್ಟಗೆ ಮಾಡಿ, ಊರನ್ನು 800 ಮೀಟರ್ ಅಗಲ, 1200 ಮೀಟರ್ ಉದ್ದದ ಸೆಕ್ಟರುಗಳಾಗಿ ಹಂಚಿದರು. ಗೆಳೆಯರು ಮುಂದೆ ಹೋದರು. ನಾನು ಗೋಡೆಗೆ ಒರಗಿದೆ.

ಒರಗಿದಲ್ಲೇ ನನಗೆ ಬೇಕಾದದ್ದು ಸಿಕ್ಕಿತು. ಹೊಸ ನಗರದ ಸರ್ಕಾರಿ ಮನೆಗಳನ್ನು ನೌಕರರ ದರ್ಜೆಗನುಸಾರವಾಗಿ ಹದಿಮೂರು ಬಗೆ ಮಾಡಿದ್ದರು. ಹದಿಮೂರನೆಯದು ಜವಾನನ ಮನೆ. ನನ್ನ ತಂದೆ ತಾಲ್ಲೂಕು ಕಚೇರಿಯ ಜವಾನರು. ನಾವು ಬೆಳೆದದ್ದು ತಗಡು ಹೊದಿಸಿದ ಒಂದು ಕೋಣೆಯ ವಸತಿಯಲ್ಲಿ. ನಲ್ಲಿ ಬೀದಿಯ ಕೊನೆಗೆ. ಹದಿಮೂರನೆಯ ಬಗೆಯಲ್ಲಾದರೋ ಎರಡು ಕೋಣೆ, ಅಡಿಗೆಮನೆ, ಬಚ್ಚಲು, ಕಕ್ಕಸು, ಹಿಂದೆ ಗೋಡೆಯೊಳಗಿನ ಅಂಗಳ. ಇದರ ಹಿಂದಿನ ಶ್ರಮದಲ್ಲಿ ಜೇನ್ ಡ್ರೂ ಅವರ ಪಾಲು ದೊಡ್ಡದು. ಮೇಲಧಿಕಾರಿಯ ಬಂಗಲೆ ಒಂದನೆಯದು, ಜವಾನನದು ಕೊನೆಯದು ಎಂಬ ಎಣಿಕೆ ನನಗೆ ರುಚಿಸಲಿಲ್ಲವೆಂಬುದೂ ನಿಜ. ಜೇಬಿನ ಪುಸ್ತಕದಲ್ಲಿ ಮನೆಯ ನಕ್ಷೆಯನ್ನು ಬರೆದುಕೊಂಡೆ. ಕೈ ನಡುಗಿ ಗೆರೆಗಳು ಸೊಟ್ಟಗಾದವು.

ಮಧ್ಯಾಹ್ನ ಕ್ಯಾಪಿಟಲ್ ಆವರಣ. 2016ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸ್ಥಳ. ಕಟ್ಟಡಗಳ ಗಾಂಭೀರ್ಯವನ್ನು ಅಲ್ಲಗಳೆಯಲಾರೆ. ಆದರೆ ನ್ಯಾಯಾಲಯಕ್ಕೂ ವಿಧಾನಸಭೆಗೂ ನಡುವೆ ಇರುವ ಆ ಕಾಂಕ್ರೀಟಿನ ಬಯಲನ್ನು ಜ್ವರದವನು ಒಮ್ಮೆ ದಾಟಿ ನೋಡಲಿ!

ಸಂಜೆ ಸೆಕ್ಟರ್ 5ರಲ್ಲಿ ಜಾನ್ನರೆಯವರ ಮನೆ. ಕಾರ್ಬೂಸಿಯೆ ವರ್ಷಕ್ಕೆರಡು ಸಲ ಬಂದು ಹೋಗುತ್ತಿದ್ದರು. ಜಾನ್ನರೆ 1951ರಿಂದ 1965ರವರೆಗೆ ಇಲ್ಲಿಯೇ ಉಳಿದು ಕೆಲಸ ಮಾಡಿಸಿದರು. ಅವರಿದ್ದ ಮನೆ 2017ರಿಂದ ವಸ್ತುಸಂಗ್ರಹಾಲಯವಾಗಿದೆ. ಇಟ್ಟಿಗೆಯ ಮನೆ, ಗಾರೆಯಿಲ್ಲ, ಬಣ್ಣವಿಲ್ಲ. ಇಟ್ಟಿಗೆಗಳ ನಡುವೆ ತೂತು ಬಿಟ್ಟು ಕಟ್ಟಿದ ಜಾಲರಿ. ಇದರ ಗುಟ್ಟು ಸರಳ. ಬಿಸಿಲು ಜಾಲರಿಯ ಮೇಲೆ ಬಿದ್ದು ಅಲ್ಲೇ ತಡೆಯುತ್ತದೆ, ಗಾಳಿ ತೂತುಗಳಿಂದ ಒಳಗೆ ಹಾಯುತ್ತದೆ. ಕಿಟಕಿಯ ಮೇಲಿನ ಚಾಚುಗಳದೂ ಇಂಥದೇ ಯುಕ್ತಿ: ಬೇಸಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುವುದರಿಂದ ದಕ್ಷಿಣದ ಬಿಸಿಲು ಒಳಗೆ ಬಾರದು, ಚಳಿಗಾಲದಲ್ಲಿ ಕೆಳಗಿಳಿಯುವುದರಿಂದ ಬಿಸಿಲು ಒಳಗೆ ಸುಳಿಯುತ್ತದೆ. ಇದನ್ನು ಭೂಗೋಳದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆನಾದರೂ ಮೈಗೆ ಅರ್ಥವಾದದ್ದು ಅಂದೇ.

ಒಳಗೆ ಜಾನ್ನರೆಯವರ ಬೆತ್ತದ ಕುರ್ಚಿಗಳಿದ್ದವು. ಇಂಥವನ್ನು ಇಲ್ಲಿಯ ಕಚೇರಿಗಳು ಒಂದು ಕಾಲಕ್ಕೆ ಗುಜರಿಗೆ ಮಾರಿದವು. ಅವೇ ವಿದೇಶದ ಹರಾಜುಗಳಲ್ಲಿ ಲಕ್ಷಾಂತರ ರೂಪಾಯಿಗೆ ಹೋದವು. ಕಾಲು ಸೋತು ನಾನು ಒಂದರತ್ತ ನೋಡಿದೆ. ಕಾವಲಿನವರಿಗೆ ತಿಳಿಯಿತು, ಪ್ಲಾಸ್ಟಿಕ್ ಕುರ್ಚಿಯೊಂದನ್ನು ನೆರಳಿಗೆ ಹಾಕಿ, ಒಂದು ಲೋಟ ನೀರನ್ನೂ ತಂದುಕೊಟ್ಟರು. ಕಾಲು ಗಂಟೆ ಕುಳಿತೆ. ಜಾನ್ನರೆ 1967ರಲ್ಲಿ ಜಿನೀವಾದಲ್ಲಿ ತೀರಿಕೊಂಡರೂ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಈ ಊರಿನ ಸುಖ್ನಾ ಸರೋವರದಲ್ಲಿ ಬಿಟ್ಟರೆಂದು ಗುರುಗಳು ಹೇಳುತ್ತಿದ್ದರು. ನನ್ನ ಬೆವರು ಆರುತ್ತಿತ್ತು.

ಊರಿಗೆ ಬಂದ ಮೇಲೆ ಹದಿಮೂರನೆಯ ಬಗೆಯ ಸೊಟ್ಟ ನಕ್ಷೆಯನ್ನು ಅಪ್ಪನಿಗೆ ತೋರಿಸಿದೆ. "ಇದು ಜವಾನರಿಗೇನಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಅಂಗಳದ ಮೇಲೆ ಬೆರಳಿಟ್ಟು, "ನಿಮ್ಮಮ್ಮ ಇಲ್ಲಿ ಒಂದು ತುಳಸಿ ಇಡ್ತಿದ್ದಳು" ಎಂದರು.